ಫೇಸ್ ವಾಶ್ ಟ್ಯೂಬನ್ನು ತಿರುಗಿಸಿ ಓದಿ

ಸೆಕೆ ಶುರುವಾದರೆ ಸಾಕು, ಕಾರವಾರದಿಂದ ಭಟ್ಕಳದವರೆಗೆ ಒಂದೇ ಪ್ರಶ್ನೆ: "ಯಾವ ಆಂಟಿಬ್ಯಾಕ್ಟೀರಿಯಲ್ ಫೇಸ್ ವಾಶ್ ಒಳ್ಳೇದು ಡಾಕ್ಟ್ರೇ?" ಕಂಪನಿ ಹೆಸರು ನಾನು ಬರೆಯುವುದಿಲ್ಲ, ಕೇಳಬೇಡಿ. ಈ ಸಲ ಕುಮಟಾ ಕಡೆಯ ತಾಯಿಯೊಬ್ಬರು ಬೇರೆ ಥರ ಕೇಳಿದ್ದಾರೆ. ಹಾಗಾಗಿ ಜಾಗ ಹೆಚ್ಚು ಅವರಿಗೇ.

ಪ್ರಶ್ನೆ: ಮಗಳಿಗೆ 17 ವರ್ಷ. ಮುಖ ತುಂಬಾ ಮೊಡವೆ. ದಿನಕ್ಕೆ ನಾಲ್ಕೈದು ಸಲ ಆಂಟಿಬ್ಯಾಕ್ಟೀರಿಯಲ್ ಫೇಸ್ ವಾಶ್ ಹಾಕಿ ತಿಕ್ಕುತ್ತಾಳೆ, ಕಡಿಮೆ ಆಗಿಲ್ಲ. ನಮ್ಮ ಬಚ್ಚಲ ನೀರು ಬಾಳೆ ಬುಡಕ್ಕೆ, ಮಳೆಗಾಲದಲ್ಲಿ ಅಲ್ಲಿಂದ ಗಜನಿಗೆ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ) ಹೋಗುತ್ತದೆ. ಏನಾದರೂ ತೊಂದರೆ ಇದೆಯಾ? "ಇಷ್ಟು ನೊರೆಗೆ ಏನಾಗ್ತದೆ" ಅಂತಾರೆ ಮನೆಯವರು.

ಉತ್ತರ: ಮೊದಲು ಮುಖ. ಮೊಡವೆ ಕೊಳೆಯಿಂದ ಬರುವುದಲ್ಲ. ಹರೆಯದಲ್ಲಿ ಚರ್ಮದ ಜಿಡ್ಡು ಜಾಸ್ತಿಯಾಗುತ್ತದೆ, ಕೂದಲ ಬುಡದ ಬಾಯಿ ಸತ್ತ ಚರ್ಮದಿಂದ ಕಟ್ಟಿಕೊಳ್ಳುತ್ತದೆ, ಒಳಗೆ ಊತ ಬರುತ್ತದೆ. ಅಲ್ಲೊಂದು ಬ್ಯಾಕ್ಟೀರಿಯಾ ಇರುವುದು ನಿಜ, ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್. ಮೊಡವೆ ಇಲ್ಲದ ನಿಮ್ಮ ಮುಖದಲ್ಲೂ ಅದು ಇದೆ. ಗಾಳಿಯಾಡದ ಆಳದಲ್ಲಿ, ಜಿಡ್ಡು ತಿಂದುಕೊಂಡು ಬದುಕುವಂಥದ್ದು. ಮೇಲೆ ಅರ್ಧ ನಿಮಿಷ ನೊರೆ ಎಬ್ಬಿಸಿ ತೊಳೆದರೆ ಅದಕ್ಕೆ ಸುದ್ದಿಯೂ ಮುಟ್ಟುವುದಿಲ್ಲ. ಐದು ಸಲ ತಿಕ್ಕಿದರೆ ಚರ್ಮ ಕೆರಳಿ ಮೊಡವೆ ಇನ್ನೂ ಕೆಂಪಾಗುತ್ತದೆ, ಅಷ್ಟೇ.

ಈಗ ಟ್ಯೂಬ್ ತಿರುಗಿಸಿ. ಮುಂದೆ ದಪ್ಪಕ್ಷರದಲ್ಲಿ ಇರುವುದನ್ನು ಬಿಡಿ, ಹಿಂದಿನ ಸಣ್ಣಕ್ಷರ ಓದಿ. ಬೇವು, ತುಳಸಿ ಚಿತ್ರ ಇದ್ದರೂ ಓದಿ. ಟ್ರೈಕ್ಲೋಸಾನ್ ಅಥವಾ ಟ್ರೈಕ್ಲೋಕಾರ್ಬನ್ ಅಂತ ಕಂಡರೆ ಅದು ನಿಮ್ಮ ಮನೆಗೆ ಬೇಡ. ಈ ಎರಡೂ ಸೇರಿ 19 ರಾಸಾಯನಿಕಗಳನ್ನು ಜನ ದಿನಾ ಬಳಸುವ ಆಂಟಿಬ್ಯಾಕ್ಟೀರಿಯಲ್ ಕೈ ಸೋಪು, ಮೈ ಸೋಪುಗಳಲ್ಲಿ ಹಾಕಬಾರದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಹೇಳಿತು. ಸಾದಾ ಸೋಪಿಗಿಂತ ಇದು ಒಳ್ಳೆಯದು ಅಂತ ಕಂಪನಿಗಳಿಗೆ ತೋರಿಸಲು ಆಗಲಿಲ್ಲ.

ಇನ್ನು ಗಜನಿ. ಮುಖಕ್ಕೆ ಹಚ್ಚಿದ್ದು ಮುಖದಲ್ಲಿ ಉಳಿಯುವುದಿಲ್ಲ, ಬಚ್ಚಲಿಗೆ ಹೋಗುತ್ತದೆ ಅಲ್ವಾ? ಟ್ರೈಕ್ಲೋಸಾನ್ ನೀರಲ್ಲಿ ಸುಲಭಕ್ಕೆ ಕರಗುವುದಿಲ್ಲ, ಕೆಸರಿಗೆ ಅಂಟುತ್ತದೆ. ಪಾಚಿಗೆ ಇದು ವಿಷ, ತೀರಾ ಸ್ವಲ್ಪ ಇದ್ದರೂ ತಾಗುತ್ತದೆ. ಬಿಸಿಲು ಬಿದ್ದರೆ ಒಂದು ಪಾಲು ಡಯಾಕ್ಸಿನ್ (ವಿಷಕ್ಕೆ ಹೆಸರಾದ ರಾಸಾಯನಿಕಗಳ ಗುಂಪು) ಜಾತಿಯ ವಸ್ತುವಾಗುತ್ತದೆ. ಸೂಕ್ಷ್ಮಜೀವಿಗಳ ಕೈಗೆ ಸಿಕ್ಕ ಇನ್ನೊಂದು ಪಾಲು ಮೀಥೈಲ್ ಟ್ರೈಕ್ಲೋಸಾನ್ ಆಗಿ ಮೀನಿನ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಕೆಸರು, ಪಾಚಿ, ಬಿಸಿಲು: ಗಜನಿ ಅಂದರೆ ಇನ್ನೇನು? ಅಲ್ಲಿನ ಚಿಪ್ಪೆಕಲ್ಲು ನೀರು ಸೋಸಿ ಪಾಚಿ ತಿಂದೇ ಬೆಳೆಯುತ್ತದೆ. ಸಿಗಡಿ ಮರಿ, ಉಪ್ಪುನೀರು ತಡೆಯುವ ಕಗ್ಗ ಭತ್ತ ಎಲ್ಲದರ ಬದುಕೂ ಅದೇ ಕೆಸರಿನಲ್ಲಿ. ಶಿರಸಿ ಬದಿಯಲ್ಲಿ ಹುಟ್ಟಿ ಒಂದೂ ಅಣೆಕಟ್ಟಿಲ್ಲದೆ ಇಳಿದು ಬರುವ ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿತು. ಬೋರ್ಡ್ ಹಾಕಿ ಫೋಟೋ ತೆಗೆಸಿಕೊಂಡವರಲ್ಲಿ ಎಷ್ಟು ಜನ ಬಚ್ಚಲ ಟ್ಯೂಬ್ ಓದಿದ್ದಾರೋ!

ನಿಮ್ಮ ಮಗಳ ಒಂದು ಟ್ಯೂಬಿನಿಂದ ಗಜನಿ ಹಾಳಾಗುವುದಿಲ್ಲ. ಹಾಗೆ ಹೆದರಿಸುವವರನ್ನು ಕಂಡರೆ ನನಗೂ ಆಗುವುದಿಲ್ಲ. ಆದರೆ ಇದು ದಿನಾ, ಮನೆ ಮನೆಯಿಂದ ಹೋಗುವಂಥದ್ದು. ಟ್ರೈಕ್ಲೋಸಾನ್ ತಡೆದುಕೊಳ್ಳಲು ಕಲಿತ ಬ್ಯಾಕ್ಟೀರಿಯಾ ಕೆಲವೊಮ್ಮೆ ಆಂಟಿಬಯೋಟಿಕ್ ಮಾತ್ರೆಗೂ ಬಗ್ಗುವುದಿಲ್ಲ ಅಂತ ಲ್ಯಾಬ್‌ಗಳಲ್ಲಿ ಕಂಡಿದ್ದಾರೆ. ಮುಖಕ್ಕೆ ಲಾಭವೇ ಇಲ್ಲದ್ದಕ್ಕೆ ಇಷ್ಟೆಲ್ಲ ಯಾಕೆ ಅನ್ನುವುದು ನನ್ನ ತಕರಾರು.

ಮಗಳು ಮುಖ ತೊಳೆಯುವುದು ದಿನಕ್ಕೆ ಎರಡು ಸಲ ಸಾಕು, ಮೆದುವಾದ ಸಾದಾ ಫೇಸ್ ವಾಶ್‌ನಲ್ಲಿ. ತಿಕ್ಕುವುದು ಬಂದ್. ಮೊಡವೆಗೆ ಬೆನ್ಜಾಯಿಲ್ ಪೆರಾಕ್ಸೈಡ್ 2.5% ತನ್ನಿ. 10% ಬೇಡ, ಗುಣ ಹೆಚ್ಚುಕಡಿಮೆ ಅಷ್ಟೇ, ಉರಿ ಮಾತ್ರ ಜಾಸ್ತಿ. ಇದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಬ್ಯಾಕ್ಟೀರಿಯಾಗಳು ಇದಕ್ಕೆ ಒಗ್ಗಿಕೊಳ್ಳುವುದೂ ಇಲ್ಲ. ಕೊನೆಗೆ ಬೆನ್ಜಾಯಿಕ್ ಆಮ್ಲವಾಗುತ್ತದೆ, ಅದು ಮಣ್ಣಲ್ಲಿ ಬೇಗ ಕೊಳೆತು ಹೋಗುವಂಥದ್ದು. ಟವೆಲ್ ಬಣ್ಣ ಬಿಟ್ಟರೆ ನನ್ನನ್ನು ಬೈಯಬೇಡಿ, ಹಳೇದು ಇಟ್ಟುಕೊಳ್ಳಿ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಹದಿನೈದು ದಿನಕ್ಕೆ "ಏನೂ ಆಗ್ಲಿಲ್ಲ" ಅಂತ ಬರೆಯಬೇಡಿ. ಗಂಟು ಗಂಟಾಗಿ ನೋಯುತ್ತಿದ್ದರೆ, ಕಲೆ ಬೀಳುತ್ತಿದ್ದರೆ ಇದನ್ನೆಲ್ಲ ಬಿಟ್ಟು ಸೀದಾ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಉಳಿದ ಹಳೆ ಟ್ಯೂಬನ್ನು ಬಚ್ಚಲಿಗೆ ಹಿಂಡಬೇಡಿ. ಮುಚ್ಚಳ ಹಾಕಿ ಪಂಚಾಯ್ತಿ ಕಸದ ಗಾಡಿಗೆ ಕೊಡಿ.

ಪ್ರಶ್ನೆ: ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮಿಗೆ ನಾಲ್ಕೇ ದಿನದಲ್ಲಿ ಮೊಡವೆ ಹೋಯಿತು, ಮುಖವೂ ಬೆಳ್ಳಗಾಯಿತು. ಮುಂದುವರಿಸಬಹುದಾ? (ಅಂಕೋಲಾ)

ಉತ್ತರ: ನಾಲ್ಕು ದಿನದ ಪವಾಡ ಅಂದರೆ ಬಹುತೇಕ ಸ್ಟೀರಾಯ್ಡ್. ಟ್ಯೂಬ್ ಮೇಲೆ ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಇದೆಯಾ ನೋಡಿ. ಚೀಟಿ ಇಲ್ಲದೆ ಇವನ್ನು ಮಾರುವ ಹಾಗೇ ಇಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಸಿಲಿಗೆ ಉರಿಯುತ್ತದೆ, ಹೆಂಗಸರಿಗೂ ಮುಖದಲ್ಲಿ ಕೂದಲು ಬರುತ್ತದೆ. ಬಿಟ್ಟ ಕೂಡಲೇ ಮೊಡವೆ ಇನ್ನಷ್ಟು ಜೋರಾಗಿ ಏಳುತ್ತದೆ. ತುಂಬ ದಿನದಿಂದ ಹಚ್ಚುತ್ತಿದ್ದರೆ ಟ್ಯೂಬ್ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಕೊಟ್ಟವರ ಹತ್ತಿರ ಅಲ್ಲ.

ಪ್ರಶ್ನೆ: ರಕ್ತ ಶುದ್ಧಿಗೆ ಜಾತ್ರೆಯಲ್ಲಿ ತಂದ ಕಷಾಯದ ಪುಡಿ ಕುಡಿಯಬಹುದಾ? (ಶಿರಸಿ)

ಉತ್ತರ: ನಿಮ್ಮ ರಕ್ತ ಶುದ್ಧವಾಗಿಯೇ ಇದೆ. ಲೇಬಲ್ ಇಲ್ಲದ ಪುಡಿಯಲ್ಲಿ ಏನಿದೆ ಅನ್ನುವುದು ಮಾರಿದವನಿಗೇ ಗೊತ್ತು.

ಪ್ರಶ್ನೆ: ಕಾಳು ಕಾಳು ಇರುವ ಸ್ಕ್ರಬ್? (ಹೊನ್ನಾವರ)

ಉತ್ತರ: ಮೊಡವೆ ಮೇಲೆ ಯಾವ ಸ್ಕ್ರಬ್ಬೂ ಬೇಡ. ಲೇಬಲ್ಲಿನಲ್ಲಿ ಪಾಲಿಎಥಿಲೀನ್ ಅಂತ ಇದ್ದರೆ ಆ ಕಾಳು ಪ್ಲಾಸ್ಟಿಕ್, ಶರಾವತಿ ಹಿಡಿದು ಸಮುದ್ರಕ್ಕೇ ಹೋಗುತ್ತದೆ.

ಪ್ರಶ್ನೆ: ಮುಖಕ್ಕೆ ತೆಂಗಿನೆಣ್ಣೆ? ಟೂತ್‌ಪೇಸ್ಟ್? ನಿಂಬೆಹಣ್ಣು? (ಹಲವರು)

ಉತ್ತರ: ಬೇಡ. ಬೇಡ. ನಿಂಬೆಹಣ್ಣು ಹಚ್ಚಿ ಕಾರವಾರದ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ, ಅದಂತೂ ಬೇಡವೇ ಬೇಡ.