ಇಬ್ಬರು ನಂಬರ್ ಒನ್ ಹೀರೊಗಳು, ಒಂದು ಅರೆಬೆಂದ ಸಿನಿಮಾ

ಹಳೆಯ ಹಾಲಿವುಡ್ ಪೊಲೀಸ್ ಸಿನಿಮಾಗಳ ಬಗ್ಗೆ ಎರಡು ಸಾಲು ಬರೆದರೆ ಸಾಕು, ಅವೇ ಪ್ರಶ್ನೆಗಳು ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ. ಈ ಸಲ 1984ರ ‘ಸಿಟಿ ಹೀಟ್’ ಸರದಿ, ಕಿತ್ತಾಡುತ್ತಲೇ ಜೊತೆಯಾಗುವ ಒಬ್ಬ ಪೊಲೀಸ್ ಮತ್ತು ಒಬ್ಬ ಪತ್ತೇದಾರನ ಕಾಮಿಡಿ. ಬಡ್ಡಿ ಕಾಪ್ ಸಿನಿಮಾ ಅಂದರೇನು, ಕ್ಲಿಂಟ್ ಈಸ್ಟ್‌ವುಡ್ ಯಾರು ಅಂತೆಲ್ಲ ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ಉಳಿದವರು ಓದಿ.

ಪ್ರಶ್ನೆ: ‘ಸಿಟಿ ಹೀಟ್’ ನಿಜವಾಗಿ ನಡೆದ ಕಥೆಯೇ?

ಅಲ್ಲ. ಕಾನ್ಸಾಸ್ ಸಿಟಿ ಎಂಬ ಊರು ಮಾತ್ರ ನಿಜ.

ಪ್ರಶ್ನೆ: ಈಸ್ಟ್‌ವುಡ್ ಮತ್ತು ಬರ್ಟ್ ರೆನಾಲ್ಡ್ಸ್ ಇಬ್ಬರೂ ಇದ್ದಾರೆಂದು ‘ಸಿಟಿ ಹೀಟ್’ ನೋಡಿದೆ. ಕೆಲವು ಕಡೆ ಹೊಟ್ಟೆ ಹಿಡಿದುಕೊಂಡು ನಕ್ಕೆ, ಕೆಲವು ಕಡೆ ಆಕಳಿಕೆ ಬಂತು. ವಿಮರ್ಶೆಗಳೂ ಹಾಗೇ ಅರ್ಧಂಬರ್ಧ. ಈಸ್ಟ್‌ವುಡ್‌ಗೆ ಕಾಮಿಡಿ ಬರುವುದಿಲ್ಲ, ರೆನಾಲ್ಡ್ಸ್ ಕಾಟಾಚಾರಕ್ಕೆ ನಟಿಸಿದ್ದಾರೆ, ಅದಕ್ಕೇ ಹೀಗಾಯಿತು ಎಂದು ಒಬ್ಬರು ವಿಡಿಯೊದಲ್ಲಿ ವಿವರಿಸಿದ್ದರು. ಒಪ್ಪುತ್ತೀರಾ?

ಒಪ್ಪುವುದಿಲ್ಲ. ಆ ವಿಡಿಯೊ ಮಾಡಿದವರು ಸಿನಿಮಾ ನೋಡಿದ್ದಾರೆಂಬುದನ್ನೂ ಸುಲಭಕ್ಕೆ ಒಪ್ಪಲಾರೆ.

ಈಸ್ಟ್‌ವುಡ್‌ಗೆ ಕಾಮಿಡಿ ಬರುವುದಿಲ್ಲ ಎಂಬ ಮಾತನ್ನು ಮೊದಲು ಮುಗಿಸಿಬಿಡೋಣ. 1978ರಲ್ಲಿ ಈ ಮನುಷ್ಯ ಒಂದು ಒರಾಂಗುಟಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಾರಿ ಡ್ರೈವರ್ ಪಾತ್ರ ಮಾಡಿದರು. ‘ಎವ್ರಿ ವಿಚ್ ವೇ ಬಟ್ ಲೂಸ್’ ಎಂದು ಅದರ ಹೆಸರು. ವಿಮರ್ಶಕರು ಮೂಗು ಮುರಿದರು, ಜನ ಮುಗಿಬಿದ್ದು ನೋಡಿದರು. ಅಲ್ಲಿಯವರೆಗಿನ ಅವರ ಸಿನಿಮಾಗಳಲ್ಲೆಲ್ಲ ಹೆಚ್ಚು ದುಡ್ಡು ತಂದದ್ದು ಅದೇ. ಅವರ ಕಾಮಿಡಿ ಇರುವುದೇ ಮುಖ ಅಲುಗಿಸದೆ ಕೂರುವುದರಲ್ಲಿ. ‘ಸಿಟಿ ಹೀಟ್’ ಶುರುವಾಗುವ ಹೋಟೆಲ್ ದೃಶ್ಯ ನೆನಪಿಸಿಕೊಳ್ಳಿ. ಹಳೆಯ ಗೆಳೆಯ, ಈಗ ಖಾಸಗಿ ಪತ್ತೇದಾರನಾಗಿರುವ ಮರ್ಫಿ, ಅಂದರೆ ರೆನಾಲ್ಡ್ಸ್, ಗೂಂಡಾಗಳ ಕೈಯಲ್ಲಿ ಒದೆ ತಿನ್ನುತ್ತಿದ್ದಾನೆ. ಲೆಫ್ಟಿನೆಂಟ್ ಸ್ಪೀರ್, ಅಂದರೆ ಈಸ್ಟ್‌ವುಡ್, ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದಾನೆ. ಗೆಳೆಯನ ಹಲ್ಲು ಉದುರಿದರೂ ಏಳುವವನಲ್ಲ. ತನ್ನ ಕಾಫಿ ಚೆಲ್ಲಿತು ನೋಡಿ, ಆಗ ಎದ್ದ. ನೀವು ನಕ್ಕ ಜಾಗಗಳಲ್ಲಿ ಇದೂ ಒಂದಾಗಿರಬೇಕು. ಇದನ್ನು ಕಾಮಿಡಿ ಬಾರದವರು ಮಾಡಲಾರರು.

ಇನ್ನು ರೆನಾಲ್ಡ್ಸ್. ಶೂಟಿಂಗ್‌ನ ಶುರುವಿನಲ್ಲೇ ಒಂದು ಹೊಡೆದಾಟದಲ್ಲಿ, ಪೆಟ್ಟು ಬಿದ್ದರೆ ಪುಡಿಯಾಗುವ ನಕಲಿ ಕುರ್ಚಿಯ ಬದಲು ನಿಜವಾದ ಲೋಹದ ಕುರ್ಚಿ ಅವರ ಮುಖಕ್ಕೆ ಬಡಿಯಿತು. ದವಡೆಯ ಕೀಲು ಹಾಳಾಯಿತು. ಅಗಿದು ತಿನ್ನಲಾಗದೆ ಬರೀ ದ್ರವಾಹಾರದಲ್ಲಿ ದಿನ ದೂಡಿದರು, ಮೈ ಇಳಿಯಿತು, ನೋವಿನ ಮಾತ್ರೆಗಳ ಚಟಕ್ಕೆ ಬಿದ್ದರು. ತೂಕ ಇಳಿದದ್ದನ್ನು ಕಂಡ ಊರ ಬಾಯಿ ಅವರಿಗೆ ಏಡ್ಸ್ ಬಂದಿದೆ ಎಂದು ಗುಲ್ಲೆಬ್ಬಿಸಿತು. ಅದು ಶುದ್ಧ ಸುಳ್ಳು. ನಟರ ಫೋಟೊ ನೋಡಿ ಕಾಯಿಲೆ ಹೇಳುವ ಸ್ವಯಂಘೋಷಿತ ಡಾಕ್ಟರುಗಳು ಇಂದಿಗೂ ಇದ್ದಾರೆ. ಸಾಲದೆಂಬಂತೆ, ಕೆಟ್ಟ ಸಿನಿಮಾಗಳಿಗೆ ಅಣಕದ ಪ್ರಶಸ್ತಿ ಕೊಡುವ ರಾಝಿಯವರು ಆ ವರ್ಷದ ಕೆಟ್ಟ ನಟರ ಪಟ್ಟಿಯಲ್ಲಿ ಅವರ ಹೆಸರು ಸೇರಿಸಿದರು. ಹಾಗಂತ ಸಿನಿಮಾದ ಎಲ್ಲ ದೋಷವನ್ನೂ ಆ ಕುರ್ಚಿಯ ತಲೆಗೆ ಕಟ್ಟುವ ಅಭಿಮಾನಿಗಳ ಮಾತನ್ನೂ ನಾನು ಒಪ್ಪುವುದಿಲ್ಲ. ಏಟು ಬೀಳುವ ಮೊದಲೇ ಈ ಸಿನಿಮಾ ಹಳಿ ತಪ್ಪಿತ್ತು.

ಹೇಗೆಂದರೆ, ಇದನ್ನು ಬರೆದು ನಿರ್ದೇಶಿಸಬೇಕಿದ್ದವರು ಬ್ಲೇಕ್ ಎಡ್ವರ್ಡ್ಸ್, ಪಿಂಕ್ ಪ್ಯಾಂಥರ್ ಕಾಮಿಡಿ ಸರಣಿಯ ಎಡ್ವರ್ಡ್ಸ್. ಅವರಿಟ್ಟ ಹೆಸರು ‘ಕಾನ್ಸಾಸ್ ಸಿಟಿ ಜಾಝ್’. ಈಸ್ಟ್‌ವುಡ್ ಜೊತೆ ಹೊಂದಾಣಿಕೆಯಾಗದೆ ಹೊರಬಿದ್ದರು. ಈಸ್ಟ್‌ವುಡ್‌ರ ‘ಸಡನ್ ಇಂಪ್ಯಾಕ್ಟ್’ ಬರೆದಿದ್ದ ಜೋಸೆಫ್ ಸ್ಟಿನ್ಸನ್ ಕೈಗೆ ಚಿತ್ರಕಥೆ ಹೋಯಿತು, ನಿರ್ದೇಶನಕ್ಕೆ ರಿಚರ್ಡ್ ಬೆಂಜಮಿನ್ ಬಂದರು. ಎಡ್ವರ್ಡ್ಸ್ ತೆರೆಯ ಮೇಲೆ ತಮ್ಮ ಹೆಸರು ಹಾಕಿಸಿಕೊಳ್ಳದೆ ಸ್ಯಾಮ್ ಓ. ಬ್ರೌನ್ ಎಂದು ಹಾಕಿಸಿಕೊಂಡರು. ಮೊದಲ ಅಕ್ಷರಗಳನ್ನು ಕೂಡಿಸಿದರೆ ಎಸ್.ಓ.ಬಿ., ಇಂಗ್ಲಿಷಿನ ಒಂದು ಬೈಗುಳದ ಚುಟುಕು ರೂಪ, ಜೊತೆಗೆ ಹಾಲಿವುಡ್ಡನ್ನು ಬೈದು ಅವರೇ 1981ರಲ್ಲಿ ತೆಗೆದ ಸಿನಿಮಾದ ಹೆಸರು. ಸಿಟ್ಟು ಎಷ್ಟಿತ್ತೆಂದು ನೀವೇ ಅಂದಾಜು ಮಾಡಿ.

ಬೆಂಜಮಿನ್ ಕೈಲಾಗದವರಲ್ಲ. 1950ರ ದಶಕದ ಟಿವಿ ಲೋಕದ ಮೇಲೆ ‘ಮೈ ಫೇವರಿಟ್ ಇಯರ್’ ಎಂಬ ಸೊಗಸಾದ ಕಾಮಿಡಿ ಮಾಡಿದ್ದರು. ಆದರೆ ಇಲ್ಲಿ ಅವರ ಕೈಗೆ ಬಂದದ್ದು ಬೇರೊಬ್ಬರು ಕಂಡ ಕನಸು, ಇನ್ನೊಬ್ಬರು ತಿದ್ದಿದ ಚಿತ್ರಕಥೆ, ಮತ್ತು ದೇಶದ ಅತಿ ದೊಡ್ಡ ಇಬ್ಬರು ಸ್ಟಾರ್‌ಗಳು. ಥಿಯೇಟರ್ ಮಾಲೀಕರು ಪ್ರತಿ ವರ್ಷ ಮತ ಹಾಕಿ ಆರಿಸುವ ಕ್ವಿಗ್ಲಿ ಪಟ್ಟಿಯಲ್ಲಿ 1978ರಿಂದ 82ರವರೆಗೆ ಸತತ ಐದು ವರ್ಷ ರೆನಾಲ್ಡ್ಸ್ ಒಂದನೇ ಸ್ಥಾನದಲ್ಲಿದ್ದರು. 83 ಮತ್ತು 84ರಲ್ಲಿ ಈಸ್ಟ್‌ವುಡ್. ಇಬ್ಬರು ನಂಬರ್ ಒನ್‌ಗಳ ನಡುವೆ ನಿಂತ ನಿರ್ದೇಶಕನ ಮಾತು ಎಷ್ಟು ನಡೆಯುತ್ತದೆ? ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು.

ಅದು ತೆರೆಯ ಮೇಲೆ ಕಾಣುತ್ತದೆ. ಮರ್ಫಿಯ ಪಾಲುದಾರ ಸ್ವಿಫ್ಟ್, ಪಾತಕಿಯೊಬ್ಬನ ಲೆಕ್ಕದ ಪುಸ್ತಕ ಕದ್ದು ವ್ಯಾಪಾರಕ್ಕಿಳಿದು ಕೊಲೆಯಾಗುತ್ತಾನೆ, ಕಿಟಕಿಯಿಂದ ಕೆಳಗೆ ಬೀಳುತ್ತಾನೆ. ಎದೆ ಝಲ್ಲೆನ್ನುವಂಥ ದೃಶ್ಯ. ಅದೇ ಸಿನಿಮಾದಲ್ಲಿ ಮರ್ಫಿ ತೋಳನ ವೇಷ ತೊಟ್ಟು ವೇಶ್ಯಾಗೃಹದಲ್ಲಿ ಓಡಾಡುತ್ತಾನೆ. ಸ್ಪೀರ್ ಮತ್ತು ಮರ್ಫಿ ನನ್ನ ಪಿಸ್ತೂಲು ಉದ್ದವೋ ನಿನ್ನದು ಉದ್ದವೋ ಎಂದು ಪೈಪೋಟಿಗೆ ಬೀಳುತ್ತಾರೆ. ಒಂದೊಂದೂ ಅದರಷ್ಟಕ್ಕೆ ಚೆನ್ನ. ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ಸತ್ತ ಗೆಳೆಯನಿಗೆ ಮರ್ಫಿ ನೆಟ್ಟಗೆ ದುಃಖಪಡುವುದೂ ಇಲ್ಲ, ಹಾಗಾಗಿ ಆಮೇಲಿನ ತಮಾಷೆಗೆ ನಗುವಾಗ ನಮಗೇ ಒಂಥರಾ ಅನಿಸುತ್ತದೆ.

ಕ್ರೌರ್ಯ ಮತ್ತು ಹಾಸ್ಯ ಬೆರೆಯುವುದೇ ಇಲ್ಲ ಎನ್ನುವ ಪಂಡಿತರಿದ್ದಾರೆ. ಅವರಿಗೆ ಅದೇ 1984ರ ಡಿಸೆಂಬರ್‌ನ ಅದೇ ವಾರ ತೆರೆಕಂಡ ‘ಬೆವರ್ಲಿ ಹಿಲ್ಸ್ ಕಾಪ್’ ತೋರಿಸಿ. ಅಲ್ಲೂ ಶುರುವಿನಲ್ಲೇ ಗೆಳೆಯನ ಕೊಲೆಯಾಗುತ್ತದೆ. ಆದರೆ ಅದರ ನಾಯಕ ನಟ ಎಡ್ಡಿ ಮರ್ಫಿಯ ಪ್ರತಿ ಸುಳ್ಳು, ಪ್ರತಿ ಕೀಟಲೆ ಆ ಕೊಲೆಗಾರನನ್ನು ಹಿಡಿಯುವುದಕ್ಕೇ ಇದೆ. ನಗುತ್ತಿದ್ದರೂ ಇವನು ಯಾಕೆ ಬಂದಿದ್ದಾನೆ ಎಂಬುದು ಮರೆಯುವುದಿಲ್ಲ. ಅದು ಅಮೆರಿಕದಲ್ಲಿ 23 ಕೋಟಿ ಡಾಲರ್ ದಾಟಿತು. ‘ಸಿಟಿ ಹೀಟ್’ ಸುಮಾರು 3.8 ಕೋಟಿಗೆ ನಿಂತಿತು.

ಇನ್ನೊಂದು ದೂರು ನನ್ನ ಸ್ವಂತದ್ದು. ಕಥೆ ನಡೆಯುವುದು 1933ರ ಕಾನ್ಸಾಸ್ ಸಿಟಿಯಲ್ಲಿ. ಆ ಊರು ಆಗ ಟಾಮ್ ಪೆಂಡರ್‌ಗಾಸ್ಟ್ ಎಂಬ ರಾಜಕೀಯ ಧಣಿಯ ಮುಷ್ಟಿಯಲ್ಲಿತ್ತು. ದೇಶಕ್ಕೆಲ್ಲ ಪಾನನಿಷೇಧ ಇದ್ದಾಗಲೂ ಅಲ್ಲಿ ಹೆಂಡ ರಾಜಾರೋಷವಾಗಿ ಹರಿಯುತ್ತಿತ್ತು. ರಾತ್ರಿಯಿಡೀ ತೆರೆದಿರುತ್ತಿದ್ದ ಕ್ಲಬ್ಬುಗಳಿಂದಲೇ ಕೌಂಟ್ ಬೇಸಿಯಂಥ ಜಾಝ್ ದಿಗ್ಗಜರು ಬೆಳೆದರು. ಅದೇ ವರ್ಷ ಜೂನ್ 17ರಂದು ಊರಿನ ಯೂನಿಯನ್ ಸ್ಟೇಷನ್ ಎದುರು ಗುಂಡಿನ ದಾಳಿಯಲ್ಲಿ ನಾಲ್ವರು ಪೊಲೀಸ್ ಅಧಿಕಾರಿಗಳು ಮತ್ತು ಅವರ ವಶದಲ್ಲಿದ್ದ ಕೈದಿ ಸತ್ತರು. ಡಿಸೆಂಬರ್‌ನಲ್ಲಿ ಪಾನನಿಷೇಧ ರದ್ದಾಯಿತು, ಕಳ್ಳಭಟ್ಟಿಯಿಂದ ಬದುಕುತ್ತಿದ್ದ ಗುಂಪುಗಳ ಹೊಟ್ಟೆಗೆ ಹೊಡೆತ ಬಿತ್ತು. ಇಷ್ಟು ಸಾಮಗ್ರಿ ಕಾಲ ಬುಡದಲ್ಲೇ ಬಿದ್ದಿರುವಾಗ ಸಿನಿಮಾ ಎತ್ತಿಕೊಂಡದ್ದು ಟೊಪ್ಪಿಗೆ, ಹಳೇ ಕಾರು, ಟಾಮಿ ಗನ್ ಮತ್ತು ಕೆಲವು ಒಳ್ಳೆಯ ಹಾಡುಗಳನ್ನು ಮಾತ್ರ. ಇದೇ ಕಥೆಯನ್ನು 1950ಕ್ಕೆ ತಳ್ಳಿದರೂ ಒಂದು ಸಂಭಾಷಣೆ ಬದಲಿಸಬೇಕಿಲ್ಲ.

ವಿಮರ್ಶೆಗಳು ಒಂದಕ್ಕೊಂದು ವಿರುದ್ಧ ಎಂದು ನಿಮಗೆ ಅನಿಸಿದ್ದರೆ ಮತ್ತೊಮ್ಮೆ ಓದಿ. ಹೊಗಳಿದವರು ಬಿಡಿ ದೃಶ್ಯಗಳನ್ನು ಹೊಗಳುತ್ತಾರೆ, ತೆಗಳಿದವರು ಇಡೀ ಸಿನಿಮಾವನ್ನು ತೆಗಳುತ್ತಾರೆ. ಎರಡೂ ಸರಿ. ನೀವು ನಕ್ಕದ್ದೂ ಸರಿ, ಆಕಳಿಸಿದ್ದೂ ಸರಿ. ಯೂಟ್ಯೂಬ್ ಕೇಳುವ ಅಗತ್ಯವೇ ಇರಲಿಲ್ಲ.

ಪ್ರಶ್ನೆ: ‘ಸಿಟಿ ಹೀಟ್’ ಬಜೆಟ್ 2.5 ಕೋಟಿ ಡಾಲರ್ ಎಂದು ಓದಿದೆ. ಗಳಿಕೆ 3.8 ಕೋಟಿ. ಅಂದಮೇಲೆ ಹಿಟ್ ತಾನೇ?

ಈ ಲೆಕ್ಕ ಎಷ್ಟು ಸಲ ಹೇಳಬೇಕು? ಗಳಿಕೆ ಎಂದರೆ ಟಿಕೆಟ್ ಮಾರಿ ಬಂದ ಹಣ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರ್‌ನವರಿಗೆ. ಉಳಿದ 1.9 ಕೋಟಿಯಿಂದ 2.5 ಕೋಟಿ ಬಜೆಟ್ ಹುಟ್ಟುತ್ತದೆಯೇ? ಪ್ರಿಂಟು, ಜಾಹೀರಾತಿನ ಖರ್ಚು ಬಜೆಟ್ಟಿನಲ್ಲಿ ಸೇರಿರುವುದೇ ಇಲ್ಲ. ವಿದೇಶದ ಗಳಿಕೆ, ವಿಡಿಯೊ, ಟಿವಿ ಹಕ್ಕುಗಳಿಂದ ಆಮೇಲೆ ಏನೋ ಬರಬಹುದು, ಅದು ಬೇರೆ ಖಾತೆ. ನಮ್ಮಲ್ಲಿ ಪೋಸ್ಟರ್ ಮೇಲೆ ನೂರು ಕೋಟಿ ಎಂದು ಅಚ್ಚು ಹಾಕುವವರೂ ‘ಗ್ರಾಸ್’, ಅಂದರೆ ಈ ಒಟ್ಟು ಟಿಕೆಟ್ ಹಣದ ಅಂಕಿಯನ್ನೇ ತೋರಿಸುವುದು. ಟ್ರೇಡ್ ಅನಲಿಸ್ಟ್ ಎಂದು ತಮಗೆ ತಾವೇ ಬಿರುದು ಕೊಟ್ಟುಕೊಂಡವರ ಟ್ವೀಟ್ ನಂಬಿ ಸ್ನೇಹಿತರ ಜೊತೆ ಪಂಥ ಕಟ್ಟಬೇಡಿ.

ಪ್ರಶ್ನೆ: ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನಲ್ಲಿ 60 ಪರ್ಸೆಂಟ್ ಬಂದರೆ ಫಸ್ಟ್ ಕ್ಲಾಸ್ ಅಲ್ಲವೇ?

ಅದು ಪಿಯುಸಿ ಮಾರ್ಕ್ಸ್ ಕಾರ್ಡ್ ಅಲ್ಲ. ನೂರು ವಿಮರ್ಶಕರಲ್ಲಿ ಅರವತ್ತು ಜನ ‘ನೋಡಬಹುದು’ ಎಂದರು ಎಂದಷ್ಟೇ ಅದರ ಅರ್ಥ. ನೂರಕ್ಕೆ ನೂರು ಜನ ‘ಹೂಂ, ಪರವಾಗಿಲ್ಲ’ ಎಂದರೂ 100 ಪರ್ಸೆಂಟ್ ಬರುತ್ತದೆ. ಇನ್ನೊಂದು ವಿಷಯ, ಆ ಜಾಲತಾಣ ಶುರುವಾದದ್ದು 1998ರಲ್ಲಿ. 1984ರ ಸಿನಿಮಾಕ್ಕೆ ಅಲ್ಲಿ ಕಾಣುವ ಅಂಕಿ ಆಮೇಲೆ ಕೂಡಿಸಿದ ಬೆರಳೆಣಿಕೆಯ ವಿಮರ್ಶೆಗಳದ್ದು.

ಪ್ರಶ್ನೆ: ಇದೇ ಜಾತಿಯ ಒಂದು ಒಳ್ಳೆಯ ಸಿನಿಮಾ ಹೇಳಿ.

2016ರ ‘ದಿ ನೈಸ್ ಗೈಸ್’. ರಯಾನ್ ಗೋಸ್ಲಿಂಗ್, ರಸೆಲ್ ಕ್ರೋ, 1977ರ ಲಾಸ್ ಏಂಜಲೀಸ್. ಪೊಲೀಸರಲ್ಲ, ಒಬ್ಬ ಖಾಸಗಿ ಪತ್ತೇದಾರ, ಇನ್ನೊಬ್ಬ ದುಡ್ಡು ಪಡೆದು ಹೊಡೆಯುವವನು. ಅದಕ್ಕೆ ತಕರಾರು ತೆಗೆಯಬೇಡಿ. ಊರು ತುಂಬಿದ ಹೊಗೆಮಂಜು ಅಲ್ಲಿ ಬರೀ ಅಲಂಕಾರವಲ್ಲ, ಹೊಗೆ ಕಡಿಮೆ ಮಾಡುವ ಉಪಕರಣವನ್ನು ಕಾರು ಕಂಪನಿಗಳು ಕೂಡಿಕೊಂಡು ತಡೆಯುವುದೇ ಕಥೆಯ ಹೂರಣ. ಅಂಥ ಆರೋಪದ ಮೇಲೆ ಅಮೆರಿಕ ಸರ್ಕಾರ 1969ರಲ್ಲಿ ನಿಜವಾಗಿಯೂ ಕಾರು ಕಂಪನಿಗಳ ಮೇಲೆ ಮೊಕದ್ದಮೆ ಹೂಡಿತ್ತು. ವಿಮರ್ಶಕರು ಮೆಚ್ಚಿದರು, ಜನ ಅಷ್ಟಾಗಿ ಬರಲಿಲ್ಲ. 5 ಕೋಟಿ ಡಾಲರ್ ಬಜೆಟ್ಟಿಗೆ ಲೋಕವೆಲ್ಲ ಸೇರಿ 6 ಕೋಟಿಯ ಆಸುಪಾಸು. ಮೇಲಿನ ಲೆಕ್ಕ ಇಲ್ಲಿಗೂ ಹಾಕಿಕೊಳ್ಳಿ. ಪಾರ್ಟಿಯಲ್ಲಿ ಹಾಡುವ ‘ಸೆಪ್ಟೆಂಬರ್’ ಹಾಡು ಬಂದದ್ದು 1978ರಲ್ಲಿ ಎಂದು ಪತ್ರ ಬರೆಯುವವರಿಗೆ: ಗೊತ್ತಿದೆ.

ಪ್ರಶ್ನೆ: ಎಪ್ಪತ್ತರ ದಶಕದ ಬೆಂಗಳೂರಿನ ಇಬ್ಬರು ಪೊಲೀಸರ ಕಾಮಿಡಿ ಸ್ಕ್ರಿಪ್ಟ್ ರೆಡಿ ಇದೆ. ನಿರ್ಮಾಪಕರಿಗೆ ತೋರಿಸಲು ಒಬ್ಬ ಏಜೆಂಟರು ಇಪ್ಪತ್ತು ಸಾವಿರ ಕೇಳುತ್ತಿದ್ದಾರೆ. ಕೊಡಲೇ? ನಿಮಗೆ ಕಳಿಸಿದರೆ ಓದುತ್ತೀರಾ?

ಕೊಡಬೇಡಿ. ಬರೆದವನ ಹತ್ತಿರ ಮೊದಲೇ ದುಡ್ಡು ಕೇಳುವವನು ನಿರ್ಮಾಪಕರ ಮನೆ ಬಾಗಿಲನ್ನೂ ನೋಡಿರುವುದಿಲ್ಲ. ಸ್ಕ್ರಿಪ್ಟನ್ನು ನಿಮ್ಮ ಹೆಸರಿಗೆ ನೀವೇ ನೋಂದಾಯಿಸಿಕೊಳ್ಳಿ, ಆಮೇಲೆ ಯಾರಿಗೆ ಬೇಕಾದರೂ ತೋರಿಸಿ. ಬೆಲ್‌ಬಾಟಮ್ ಪ್ಯಾಂಟು, ಅಂಬಾಸಿಡರ್ ಕಾರು ತೆಗೆದುಹಾಕಿದ ಮೇಲೂ ನಿಮ್ಮ ಕಥೆ ಎಪ್ಪತ್ತರ ದಶಕದಲ್ಲೇ ನಡೆಯಬೇಕಾಗುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ. ತುರ್ತು ಪರಿಸ್ಥಿತಿ ಇತ್ತು, ಸೀಮೆಎಣ್ಣೆಗೆ ಕ್ಯೂ ಇತ್ತು, ಒಂದು ಟ್ರಂಕ್ ಕಾಲ್‌ಗೆ ಗಂಟೆಗಟ್ಟಲೆ ಕಾಯಬೇಕಿತ್ತು. ಇಬ್ಬರು ಪೊಲೀಸರು ಜಗಳವಾಡಲು ಇವಿಷ್ಟೇ ಸಾಕು. ನನಗೆ ಮಾತ್ರ ಕಳಿಸಬೇಡಿ, ಓದುವುದಿಲ್ಲ. ನಾಳೆ ಯಾವುದೋ ಸಿನಿಮಾದಲ್ಲಿ ನಿಮ್ಮ ಒಂದು ದೃಶ್ಯದ ನೆರಳು ಕಂಡರೂ ಮೊದಲ ಅನುಮಾನ ನನ್ನ ಮೇಲೇ ಬರುತ್ತದೆ.