ಓದುಗರ ಪ್ರಶ್ನೆ: ಹುಡುಕುವುದನ್ನು ಕಲಿಸುವುದು ಹೇಗೆ?

ಪ್ರಶ್ನೆ: ವರ್ಷದ ಆರಂಭದಲ್ಲೇ ಎಂ.ಎ. ವಿದ್ಯಾರ್ಥಿಗಳಿಗೆ ಗ್ರಂಥಾಲಯ ತೋರಿಸಿ, ಒಂದು ಗಂಟೆ ಉಪನ್ಯಾಸವನ್ನೂ ಕೊಡಿಸುತ್ತೇವೆ. ಪ್ರಾಜೆಕ್ಟ್ ಬರೆಯುವಾಗ ಮಾತ್ರ ಗೂಗಲ್‌ನ ಮೊದಲ ಪುಟ ಬಿಟ್ಟು ಕದಲುವುದಿಲ್ಲ. ಏನು ಮಾಡಬೇಕು?
– ಉಪನ್ಯಾಸಕಿ, ಚಿಂತಾಮಣಿ

ಉತ್ತರ: ಆ ಉಪನ್ಯಾಸ ನಡೆಯುವ ಹೊತ್ತೇ ಸರಿಯಿಲ್ಲ. ಏನು ಹುಡುಕಬೇಕೆಂದೇ ಗೊತ್ತಿಲ್ಲದವರಿಗೆ ಡೇಟಾಬೇಸ್ ತೋರಿಸಿದರೆ ತಲೆಗೆ ಇಳಿಯದು. ಪ್ರಾಜೆಕ್ಟಿನ ವಿಷಯ ಗೊತ್ತಾದ ವಾರವೇ ಗ್ರಂಥಪಾಲಕರನ್ನು ತರಗತಿಗೆ ಕರೆಸಿ, ಪ್ರತಿಯೊಬ್ಬರೂ ತಮ್ಮ ತಮ್ಮ ವಿಷಯವನ್ನೇ ಹುಡುಕಲಿ.

ಮೊದಲ ಕೆಲಸ ಕಾಗದದ ಮೇಲೆ. ‘ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳ ಆರ್ಥಿಕ ಸ್ಥಿತಿ’ ಎಂಬ ವಿಷಯವನ್ನೇ ತೆಗೆದುಕೊಳ್ಳಿ (ರೀಲರ್ ಎಂದರೆ ರೇಷ್ಮೆಗೂಡಿನಿಂದ ನೂಲು ಬಿಚ್ಚುವವರು). ಅದನ್ನು ಇಡಿಯಾಗಿ ಟೈಪ್ ಮಾಡಿದರೆ ಸಿಗುವುದು ಹೆಚ್ಚಾಗಿ ಸುದ್ದಿ ತುಣುಕು. ಊರು, ಕಸುಬು, ಪ್ರಶ್ನೆ ಎಂದು ಮೂರು ಕಾಲಂ ಮಾಡಿಸಿ. ಊರಿನ ಕೆಳಗೆ ಶಿಡ್ಲಘಟ್ಟವನ್ನು ಇಂಗ್ಲಿಷಿನ ‘ಎಸ್’ನಿಂದಲೂ ‘ಎಸ್‌ಎಚ್’ನಿಂದಲೂ ಬರೆಯಲಿ, ಎರಡೂ ಬಳಕೆಯಲ್ಲಿವೆ. ಕಸುಬಿನ ಕೆಳಗೆ ಸಿಲ್ಕ್ ರೀಲಿಂಗ್, ಸೆರಿಕಲ್ಚರ್, ಫಿಲೇಚರ್, ಚರಕ, ನೂಲು ಬಿಚ್ಚಾಣಿಕೆ. ಪ್ರಶ್ನೆಯ ಕೆಳಗೆ ಆದಾಯ, ಸಾಲ, ಕೂಲಿ. ಒಂದೇ ಕಾಲಂನ ಪದಗಳ ನಡುವೆ ‘ಆರ್’ (OR) ಹಾಕಿ, ಅದೂ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದಲ್ಲೇ. ಇಲ್ಲದಿದ್ದರೆ ಸಂಶೋಧನಾ ಲೇಖನಗಳನ್ನು ಹುಡುಕುವ ಗೂಗಲ್ ಸ್ಕಾಲರ್ ಅದನ್ನು ‘ಇದು ಅಥವಾ ಅದು’ ಎಂದು ಓದುವುದಿಲ್ಲ.

ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಪಿಎಚ್.ಡಿ. ಪ್ರಬಂಧಗಳು ಅಧ್ಯಾಯವಾರು ಪಿಡಿಎಫ್‌ಗಳಾಗಿ ಇರುತ್ತವೆ. ಹತ್ತಿರದ ವಿಷಯದ ಒಂದು ಪ್ರಬಂಧ ಸಿಕ್ಕರೆ, ಮೊದಲು ಅದರ ಗ್ರಂಥಋಣದ ಫೈಲ್ ತೆರೆಸಿ. ಗಂಟೆಗಟ್ಟಲೆ ಹುಡುಕಿದರೂ ಕಾಣದ ವರದಿಗಳ ಹೆಸರು ಅಲ್ಲಿರುತ್ತವೆ.

ಯಾವ ಪದ ಹಾಕಿದೆ, ಎಲ್ಲಿ ಹುಡುಕಿದೆ, ಯಾವುದನ್ನು ಏಕೆ ಬಿಟ್ಟೆ ಎಂದು ಒಂದು ಪುಟ ಬರೆಸಿ, ಅದಕ್ಕೆ 5 ಅಂಕವನ್ನಾದರೂ ಇಡಿ. ಅಂಕವಿಲ್ಲದ ಕೆಲಸವನ್ನು ಪರೀಕ್ಷೆಯ ಒತ್ತಡದಲ್ಲಿರುವ ಮಕ್ಕಳು ಮಾಡಲಾರರು.

ಪ್ರಶ್ನೆ: ಚಿಕ್ಕಬಳ್ಳಾಪುರ ಜಿಲ್ಲೆಯ 2001ರ ಜನಗಣತಿಯ ಅಂಕಿಅಂಶ ಎಲ್ಲೂ ಸಿಗುತ್ತಿಲ್ಲ.
– ವಿದ್ಯಾರ್ಥಿ, ಬಾಗೇಪಲ್ಲಿ

ಉತ್ತರ: ಆಗ ಆ ಜಿಲ್ಲೆಯೇ ಇರಲಿಲ್ಲ, ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. 2001ರ ಕೋಲಾರ ಜಿಲ್ಲೆಯ 11 ತಾಲ್ಲೂಕುಗಳಲ್ಲಿ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಶಿಡ್ಲಘಟ್ಟ ಈ ಆರನ್ನು ಆರಿಸಿ ಕೂಡಿಸಿಕೊಳ್ಳಿ. ಸಾಕ್ಷರತೆಯ ಶೇಕಡಾವಾರನ್ನು ಮಾತ್ರ ಕೂಡಿಸಿ ಆರರಿಂದ ಭಾಗಿಸಬೇಡಿ. ಗುಡಿಬಂಡೆ ಚಿಕ್ಕದು, ಚಿಂತಾಮಣಿ ದೊಡ್ಡದು, ಸರಾಸರಿ ತಪ್ಪುತ್ತದೆ. ಸಾಕ್ಷರರ ಒಟ್ಟು ಸಂಖ್ಯೆಯನ್ನು 7 ವರ್ಷ ಮತ್ತು ಮೇಲ್ಪಟ್ಟವರ ಒಟ್ಟು ಸಂಖ್ಯೆಯಿಂದ ಭಾಗಿಸಿ. ಇನ್ನೊಂದು ಮಾತು: ಕೋಲಾರದ ಜನಸಂಖ್ಯೆ 2001ರಲ್ಲಿ ಸುಮಾರು 25 ಲಕ್ಷ, 2011ರಲ್ಲಿ ಸುಮಾರು 15 ಲಕ್ಷ. ಇಳಿದದ್ದು ಜಿಲ್ಲೆ ಒಡೆದದ್ದರಿಂದ. ವಲಸೆಯ ಕಾರಣ ಕೊಟ್ಟರೆ ಇಡೀ ಅಧ್ಯಾಯ ಕೆಡುತ್ತದೆ.

ಪ್ರಶ್ನೆ: ಚಾಟ್‌ಜಿಪಿಟಿ ಕೊಟ್ಟ ಉಲ್ಲೇಖಗಳನ್ನು ಬಳಸಬಹುದೇ?
– ಸಂಶೋಧನಾರ್ಥಿ, ಮಾಲೂರು

ಉತ್ತರ: ಹಾಗೇ ಬಳಸಬೇಡಿ. ಇಲ್ಲದ ಲೇಖನಕ್ಕೂ ಅದು ಲೇಖಕರ ಹೆಸರು, ಸಂಪುಟ, ಪುಟಸಂಖ್ಯೆ ಜೋಡಿಸಿಬಿಡಬಲ್ಲದು. ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ, ಡಿಒಐ (ಲೇಖನಕ್ಕೆ ಕೊಟ್ಟ ಶಾಶ್ವತ ಆನ್‌ಲೈನ್ ಗುರುತು) ಇದ್ದರೆ ತೆರೆದು ನೋಡಿ. ಡಿಒಐ ಬೇರೆ ಲೇಖನಕ್ಕೆ ಹೋದರೆ, ಆ ಸಂಪುಟದ ಪರಿವಿಡಿಯಲ್ಲೂ ಹೆಸರಿಲ್ಲದಿದ್ದರೆ, ಕೈಬಿಡಿ. ಲೇಖನ ಸಿಕ್ಕಿತೆಂದಾದರೂ ಓದಿ ಮುಗಿಸುವವರೆಗೆ ಪಟ್ಟಿಗೆ ಸೇರಿಸಬೇಡಿ.