‘ಒಡಂಬಡಿಕೆಯ ಊರುಗಳು’ ಲೇಖನದ ಬಗ್ಗೆ

ಮಾನ್ಯರೇ,

ಬೈಬಲಿನಲ್ಲಿ ಒಪ್ಪಂದದಿಂದ ಹೆಸರು ಪಡೆದ ಊರುಗಳ ಬಗೆಗಿನ ನಿಮ್ಮ ‘ಒಡಂಬಡಿಕೆಯ ಊರುಗಳು’ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಅಚ್ಚು ಹಾಕಲು ಆಗುವುದಿಲ್ಲ. ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು, ಆದರೆ ಬೇರ್ಷೆಬದ ಬಾವಿ ಜಗಳವನ್ನು ನೀವು ಬರೆದ ಬಗೆ ನೋಡಿದರೆ ಇದರೊಳಗೆ ಒಳ್ಳೆಯ ಲೇಖನವೊಂದು ಸಿಕ್ಕಿಕೊಂಡಿದೆ ಅನ್ನಿಸಿತು. ಹಾಗಾಗಿ ಮುಲಾಜಿಲ್ಲದೆ ಬರೆಯುತ್ತಿದ್ದೇವೆ.

ಮೊದಲ ತೊಂದರೆ ಪಟ್ಟಿಯದೇ. ಒಪ್ಪಂದದಿಂದ ಹೆಸರು ಪಡೆದ ಸ್ಥಳಗಳೆಂದು ಬೇರ್ಷೆಬ, ಗಲೇದ್, ಮಿಚ್ಪ, ಬೇತೇಲ್, ಪೆನೀಯೇಲ್, ಶೆಕೆಮ್, ಗಿಲ್ಗಾಲ್, ಸೀನಾಯಿ ಹೀಗೆ ಎಂಟನ್ನು ಎಣಿಸಿದ್ದೀರಿ. ಒಪ್ಪಂದ ನಡೆದ ಜಾಗ ಬೇರೆ, ಒಪ್ಪಂದದಿಂದಲೇ ಹೆಸರಾದ ಜಾಗ ಬೇರೆ. ಇಸ್ರಾಯೇಲರ ಅತಿ ದೊಡ್ಡ ಒಡಂಬಡಿಕೆ ಆದದ್ದು ಸೀನಾಯಿಯಲ್ಲಿ, ಆದರೆ ಬೆಟ್ಟಕ್ಕೆ ಆ ಹೆಸರು ಅದರಿಂದ ಬಂತೆಂದು ಗ್ರಂಥ ಎಲ್ಲೂ ಹೇಳುವುದಿಲ್ಲ. ಶೆಕೆಮಿನಲ್ಲಿ ಯೆಹೋಶುವ ಜನರೊಡನೆ ಒಡಂಬಡಿಕೆ ಮಾಡಿ ದೊಡ್ಡ ಕಲ್ಲು ನಿಲ್ಲಿಸಿದ (ಯೆಹೋಶುವ 24), ನಿಜ. ಆದರೆ ಆ ಊರಿನ ಹೆಸರು ಅಬ್ರಾಮ (ಮುಂದೆ ಅಬ್ರಹಾಮ ಎನಿಸಿದವನು) ಕಾನಾನಿಗೆ ಕಾಲಿಟ್ಟಾಗಲೇ ಬರುತ್ತದೆ (ಆದಿಕಾಂಡ 12:6). ಬೇತೇಲ್ ಅಬ್ರಹಾಮನ ಮೊಮ್ಮಗ ಯಾಕೋಬ ಕಂಡ ಕನಸಿನಿಂದ ಆದ ಹೆಸರು, ಅವನ ಹರಕೆ ಹೆಸರಿಟ್ಟ ನಂತರದ ಮಾತು. ಪೆನೀಯೇಲ್ ದೇವರ ಮುಖ ಕಂಡದ್ದಕ್ಕೆ. ಗಿಲ್ಗಾಲಿನಲ್ಲಿ ಎಡವುವುದು ಸುಲಭ, ಏಕೆಂದರೆ ಅಲ್ಲಿ ನಡೆದ ಸುನ್ನತಿ ಒಡಂಬಡಿಕೆಯ ಗುರುತೇ. ಆದರೂ ಯೆಹೋಶುವ 5:9 ಕೊಡುವ ಕಾರಣ ಬೇರೆ: ಐಗುಪ್ತದ ಅವಮಾನವನ್ನು ‘ಉರುಳಿಸಿಬಿಟ್ಟದ್ದು’ (ಹೀಬ್ರೂವಿನಲ್ಲಿ ಆ ಕ್ರಿಯಾಪದ ಗಿಲ್ಗಾಲ್ ಎಂಬ ಹೆಸರಿನೊಡನೆ ಪ್ರಾಸವಾಡುತ್ತದೆ).

ಒಂದು ಜಾಗವನ್ನು ಪಟ್ಟಿಗೆ ಸೇರಿಸುವ ಮುನ್ನ ಹೆಸರಿಟ್ಟ ವಚನವನ್ನೇ ಹುಡುಕಿ. ‘ಆದ್ದರಿಂದ ಈ ಹೆಸರಾಯಿತು’ ಎಂಬರ್ಥದ ಮಾತು ಇದ್ದು, ಆ ‘ಆದ್ದರಿಂದ’ ಆಣೆಯತ್ತಲೋ ಒಪ್ಪಂದದ ಸಾಕ್ಷಿಯತ್ತಲೋ ಬೆರಳು ತೋರಿಸಿದರೆ ಮಾತ್ರ ಸೇರಿಸಿ. ಹೀಗೆ ಜರಡಿ ಹಿಡಿದರೆ ನಿಮ್ಮ ಎಂಟರಲ್ಲಿ ಉಳಿಯುವುದು ಬೇರ್ಷೆಬ, ಮತ್ತು ಒಂದೇ ಕಲ್ಲುಗುಪ್ಪೆಗೆ ಸಂಬಂಧಿಸಿದ ಗಲೇದ್ ಹಾಗೂ ಮಿಚ್ಪ. ಅಷ್ಟು ಸಾಕು.

ಬೇರ್ಷೆಬದಲ್ಲಿ ಘಟನೆಗಳ ಕ್ರಮ ತಪ್ಪಿದೆ. ಬಾವಿ ಜಗಳ ತೀರಿಸಲು ಅರಸ ಅಬೀಮೆಲೆಕ ಬಂದ ಎಂದಿದ್ದೀರಿ. ಆದಿಕಾಂಡ 21:22ರಿಂದ ನಿಧಾನವಾಗಿ ಓದಿ. ಅವನು ಸೇನಾಪತಿ ಫೀಕೋಲನೊಂದಿಗೆ ಬಂದದ್ದು ತನಗೂ ತನ್ನ ಮಗ ಮೊಮ್ಮಕ್ಕಳಿಗೂ ಅಬ್ರಹಾಮ ಮೋಸ ಮಾಡಬಾರದೆಂದು ಪ್ರಮಾಣ ಕೇಳಲು. ಅಬ್ರಹಾಮ ಒಪ್ಪುತ್ತಾನೆ. ಆಮೇಲೆ, 25ನೆಯ ವಚನದಲ್ಲಿ, ಸಮಯ ನೋಡಿ ಬಾವಿಯ ವಿಷಯ ತೆಗೆಯುತ್ತಾನೆ: ನಿನ್ನ ಆಳುಗಳು ಅದನ್ನು ಕಿತ್ತುಕೊಂಡಿದ್ದಾರೆ. ಅಬೀಮೆಲೆಕನ ಉತ್ತರ ಯಾವ ಕಾಲದ ಅಧಿಕಾರಿಯ ಬಾಯಲ್ಲೂ ಒಪ್ಪುತ್ತದೆ: ಯಾರು ಮಾಡಿದರೋ ಗೊತ್ತಿಲ್ಲ, ನೀನೂ ಹೇಳಿರಲಿಲ್ಲ, ಇವತ್ತೇ ಕೇಳಿದ್ದು. ಈ ಚೌಕಾಸಿಯ ಜಾಣತನ ನಿಮ್ಮ ಬರಹದಲ್ಲಿ ಪೂರ್ತಿ ಕಳೆದುಹೋಗಿದೆ.

ಮುಂದಿನದನ್ನೂ ಬಿಡಿಸಿ ಬರೆಯಿರಿ. 27ರಲ್ಲಿ ಕೊಟ್ಟ ಕುರಿದನಗಳು ಒಪ್ಪಂದದ್ದು. 28ರಲ್ಲಿ ಪ್ರತ್ಯೇಕವಾಗಿ ನಿಲ್ಲಿಸಿದ ಏಳು ಹೆಣ್ಣು ಕುರಿಮರಿಗಳು ಬಾವಿಯದು: ಅವನ್ನು ಸ್ವೀಕರಿಸಿದರೆ ಬಾವಿ ತೋಡಿದವನು ಅಬ್ರಹಾಮನೇ ಎಂಬುದಕ್ಕೆ ಸಾಕ್ಷಿ. ನೀವು ಎರಡನ್ನೂ ಒಂದೇ ಕಾಣಿಕೆ ಮಾಡಿದ್ದೀರಿ. ಇನ್ನು ಹೆಸರಿಗೆ ‘ಏಳು ಬಾವಿಗಳು’ ಎಂದು ಅರ್ಥ ಕೊಟ್ಟಿದ್ದೀರಿ. ಕಥೆಯಲ್ಲಿ ಇರುವುದು ಒಂದೇ ಬಾವಿ, ಏಳು ಇರುವುದು ಕುರಿಮರಿ. ‘ಬೇರ್’ ಎಂದರೆ ಬಾವಿ; ಹೀಬ್ರೂವಿನಲ್ಲಿ ಏಳಕ್ಕೂ ಆಣೆ ಇಡುವುದಕ್ಕೂ ಶಿನ್, ಬೇತ್, ಅಯಿನ್ ಎಂಬ ಅವೇ ಮೂರು ಅಕ್ಷರ. ಕಥೆ ಏಳನ್ನು ಕಣ್ಣಿಗೆ ತೋರಿಸಿ, 31ನೆಯ ವಚನದಲ್ಲಿ ಕಾರಣವಾಗಿ ಆಣೆಯನ್ನು ಹೇಳುತ್ತದೆ. ಎರಡೂ ಇರಲಿ, ಒಂದನ್ನು ಆರಿಸಿ ಇನ್ನೊಂದನ್ನು ಕೊಲ್ಲಬೇಡಿ.

ಅದೇ ಪ್ಯಾರಾದಲ್ಲಿ ಅಬೀಮೆಲೆಕನ ಸ್ನೇಹಿತ ಅಹುಜ್ಜತ್ ಬಂದಿದ್ದಾನೆ. ಅವನು 26ನೆಯ ಅಧ್ಯಾಯದವನು, ಅಬ್ರಹಾಮನ ಮಗ ಇಸಾಕನ ಬಳಿಗೆ ಬಂದವನು. ಅಲ್ಲಿ ಔತಣ ರಾತ್ರಿಯದು, ಪ್ರಮಾಣ ಬೆಳಗಿನದು, ಅದೇ ದಿನ ಆಳುಗಳು ನೀರು ಸಿಕ್ಕಿತೆಂದು ಸುದ್ದಿ ತರುತ್ತಾರೆ, ಇಸಾಕ ಬಾವಿಗೆ ಷಿಬಾ ಎನ್ನುತ್ತಾನೆ, ಊರಿಗೆ ಮತ್ತೆ ಬೇರ್ಷೆಬವೆಂದೇ ಹೆಸರಾಗುತ್ತದೆ. ಒಂದೇ ಊರಿಗೆ ತಂದೆಯ ಕಾಲದಲ್ಲೊಮ್ಮೆ, ಮಗನ ಕಾಲದಲ್ಲೊಮ್ಮೆ ಹೆಸರಿಟ್ಟ ಕಥೆ. ನೀವು ಎರಡನ್ನೂ ಬೆರೆಸಿ ಗೊಂದಲ ಮುಚ್ಚಿದ್ದೀರಿ. ಮುಚ್ಚಬೇಡಿ, ಓದುಗರ ಮುಂದೆ ಎರಡನ್ನೂ ಇಡಿ.

ಪ್ರಾಣಿಗಳನ್ನು ಸೀಳಿ ನಡುವೆ ಹಾದುಹೋದರು ಎಂಬ ಸಾಲು ಹೊಡೆದುಹಾಕಿದ್ದೇವೆ. ಅದು ಆದಿಕಾಂಡ 15ರ ದೃಶ್ಯ: ಮೂರು ವರ್ಷದ ಕಡಸು, ಆಡು, ಟಗರು; ಹಕ್ಕಿಗಳನ್ನು ಮಾತ್ರ ಸೀಳಲಿಲ್ಲ. ಹೀಬ್ರೂವಿನಲ್ಲಿ ಒಡಂಬಡಿಕೆಯನ್ನು ‘ಕತ್ತರಿಸುತ್ತಾರೆ’. 21:27ರಲ್ಲೂ ಅದೇ ಕ್ರಿಯಾಪದ ಇರುವುದರಿಂದ ವ್ಯಾಖ್ಯಾನಗಳಲ್ಲಿ ಈ ವಿವರಣೆ ಕಂಡಿರುತ್ತೀರಿ. ಕ್ರಿಯಾಪದ ಇದೆಯೆಂದು ಕತ್ತಿ ಹಿಡಿಯುವ ಹಾಗಿಲ್ಲ.

ಗಲೇದಿನ ಭಾಗ ತೀರಾ ಮೃದುವಾಗಿದೆ. ‘ನಾವು ದೂರವಿರುವಾಗ ಕರ್ತನು ನಮ್ಮಿಬ್ಬರನ್ನೂ ಕಾಯಲಿ’ ಎಂದು ಮಿಚ್ಪವನ್ನು (ಅರ್ಥ: ಕಾವಲುಗೋಪುರ) ಸ್ನೇಹದ ಹಾರೈಕೆ ಮಾಡಿದ್ದೀರಿ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಈ ಹೆಸರನ್ನು ಪ್ರೇಮದ ಕಾಣಿಕೆಯ ಒಡವೆಗಳ ಮೇಲೆ ಕೊರೆಸುತ್ತಿದ್ದರು, ತಪ್ಪು ಹಳೆಯದೇ. ಮೂಲದಲ್ಲಿ (ಆದಿಕಾಂಡ 31) ಲಾಬಾನ ತನ್ನ ಅಳಿಯ ಯಾಕೋಬನನ್ನು ಏಳು ದಿನ ಬೆನ್ನಟ್ಟಿ ಬಂದವನು. ನನ್ನ ಕಣ್ಣು ತಪ್ಪಿದಾಗ ದೇವರು ನಿನ್ನ ಮೇಲೆ ಕಣ್ಣಿಟ್ಟಿರಲಿ ಎಂಬ ಎಚ್ಚರಿಕೆ ಅದು. ಷರತ್ತುಗಳನ್ನು ಬರೆದರೆ ಬಿಸಿ ತಾನೇ ತಟ್ಟುತ್ತದೆ: ನನ್ನ ಹೆಣ್ಣುಮಕ್ಕಳನ್ನು ಬಾಧಿಸಬಾರದು, ಅವರ ಮೇಲೆ ಬೇರೆ ಹೆಂಡಿರನ್ನು ತರಬಾರದು, ಕೇಡು ಮಾಡಲೆಂದು ಈ ಗುಪ್ಪೆಯನ್ನು ಇಬ್ಬರೂ ದಾಟಬಾರದು. ಹೊಲದ ಬದುವಿಗೆ ದಾಯಾದಿಗಳು ನೆಡುವ ಗಡಿಕಲ್ಲಿನಂಥದು. ಇಬ್ಬರೂ ಒಂದೇ ಹೆಸರನ್ನೂ ಇಡಲಿಲ್ಲ: ಲಾಬಾನ ಅರಾಮ್ಯ ಭಾಷೆಯಲ್ಲಿ ಯಗರಸಾಹದೂತ ಎಂದ, ಯಾಕೋಬ ಹೀಬ್ರೂವಿನಲ್ಲಿ ಗಲೇದ್ ಎಂದ. ಎರಡರ ಅರ್ಥವೂ ಸಾಕ್ಷಿಯ ಗುಪ್ಪೆ. ಈ ಸಂಗತಿಯನ್ನು ನೀವು ಅಡಿಟಿಪ್ಪಣಿಗೆ ತಳ್ಳಿದ್ದೀರಿ, ಭಾಗ ಶುರುವಾಗಬೇಕಾದದ್ದೇ ಇಲ್ಲಿಂದ. ಕಂಬದ ಕಲ್ಲು ನಿಲ್ಲಿಸಿದವನು 45ನೆಯ ವಚನದಲ್ಲಿ ಯಾಕೋಬ. 51ರಲ್ಲಿ ಲಾಬಾನ ಅದನ್ನು ತಾನೇ ನಿಲ್ಲಿಸಿದೆ ಎನ್ನುತ್ತಾನೆ. ಅದನ್ನೂ ಸಮ ಮಾಡಬೇಡಿ. ಹಾಗೆಯೇ ಈ ಮಿಚ್ಪ ಗಿಲ್ಯಾದ್ ಸೀಮೆಯದು. ಪ್ರವಾದಿ ಸಮುವೇಲ ಜನರನ್ನು ಕೂಡಿಸಿದ ಮಿಚ್ಪ ಬೆನ್ಯಾಮೀನ್ ಕುಲದ ಸೀಮೆಯದು, ಅದನ್ನು ತೆಗೆಯಿರಿ.

ಮೂರನೆಯದು ಬೇಕೇ ಬೇಕು ಅನ್ನಿಸಿದರೆ ನಿಮ್ಮ ಪಟ್ಟಿಯಲ್ಲಿಲ್ಲದ ಬೋಕೀಮನ್ನು ನೋಡಿ (ನ್ಯಾಯಸ್ಥಾಪಕರು 2:1-5). ಒಡಂಬಡಿಕೆ ಮೀರಿದ್ದಕ್ಕೆ ಗದರಿಕೆ ಕೇಳಿ ಜನ ಅತ್ತದ್ದರಿಂದ ‘ಅಳುವವರು’ ಎಂದು ಹೆಸರಾದ ಜಾಗ. ನಮ್ಮ ನಿಯಮಕ್ಕೆ ಇದು ಪೂರಾ ಒಗ್ಗುವುದಿಲ್ಲ, ಆದರೂ ಒಂದು ಪ್ಯಾರಾಕ್ಕೆ ಜಾಗವಿದೆ.

‘ಅಬ್ರಹಾಮ ತೋಡಿದ ಬಾವಿ ಇಂದಿಗೂ ಇದೆ’ ಎಂಬ ಸಾಲು ಬೇಡ. ಹಳೆಯ ಊರಿನ ಅವಶೇಷವಿರುವ ಬೇರ್ಷೆಬ ದಿಬ್ಬದ ಹೆಬ್ಬಾಗಿಲ ಹೊರಗೆ ಸುಮಾರು 69 ಮೀಟರ್ ಆಳದ ಬಾವಿಯಿದೆ, 1969ರಿಂದ ಪುರಾತತ್ವಜ್ಞ ಯೋಹಾನಾನ್ ಅಹರೋನಿಯವರ ತಂಡ ಅಲ್ಲಿ ಅಗೆತ ನಡೆಸಿತು, 2005ರಲ್ಲಿ ಮೆಗಿದ್ದೋ, ಹಾಚೋರ್ ಎಂಬ ದಿಬ್ಬಗಳ ಜೊತೆ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇಷ್ಟು ಬರೆಯಿರಿ. ಅದು ಅಬ್ರಹಾಮನದೇ ಎನ್ನಲು ಆಧಾರ ಇಲ್ಲ. ಈಗಿನ ನಗರದೊಳಗೆ ‘ಅಬ್ರಹಾಮನ ಬಾವಿ’ ಎಂದು ತೋರಿಸುವುದು ಇನ್ನೊಂದು ಬಾವಿ, ನಿಮ್ಮ ಚಿತ್ರ ಅದರದ್ದು.

ಊರಿನ ಹೆಸರನ್ನು ಮೂರು ರೀತಿ ಬರೆದಿದ್ದೀರಿ. ಒಂದೇ ಕನ್ನಡ ಅನುವಾದ ಹಿಡಿದು ಕೊನೆಯವರೆಗೆ ಅದರ ರೂಪವನ್ನೇ ಬಳಸಿ. ವಚನಸಂಖ್ಯೆಯನ್ನೂ ಅದರಿಂದಲೇ ಕೊಡಿ: ಲಾಬಾನ ಮೊಮ್ಮಕ್ಕಳಿಗೆ ಮುತ್ತಿಟ್ಟು ಹೊರಡುವುದು ನಮ್ಮಲ್ಲಿ 31:55, ಹೀಬ್ರೂ ಪ್ರತಿಗಳಲ್ಲಿ 32:1. ಒಟ್ಟು 1,500 ಪದ ಮೀರದಿರಲಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೇರ್ಷೆಬಕ್ಕೇ ಹೋಗಲಿ. ತಿದ್ದಿದ ಪ್ರತಿಯನ್ನು ಯಾವಾಗ ಕಳಿಸಿದರೂ ಓದುತ್ತೇವೆ.

ಸಂಪಾದಕ